ಆಸ್ಪತ್ರೆಯ ಸಿಬ್ಬಂದಿಗೆ ಮಾತಿನ ತರಬೇತು

ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯ ಹಳೆಯ ಕಟ್ಟಡದೊಳಕ್ಕೆ 2020ರ ಜುಲೈ ತಿಂಗಳಲ್ಲಿ ಮಳೆಯ ನೀರು ನುಗ್ಗಿದುದನ್ನು ಈ ನಗರದಲ್ಲಿರುವ ನಮ್ಮವರು ಮರೆತಿರಲಾರರು. ಗೋಶಾಮಹಲಿನಲ್ಲಿ ಹೊಸ ಆಸ್ಪತ್ರೆಗೆ 2025ರ ಜನವರಿ 31ರಂದು ಶಂಕುಸ್ಥಾಪನೆಯಾಯಿತು. ಹಾಸಿಗೆಗಳೆಷ್ಟು, ವೆಚ್ಚವೆಷ್ಟು ಎಂಬ ಚರ್ಚೆ ಧಾರಾಳವಾಗಿ ನಡೆದಿದೆ. ಆದರೆ ಆ ಹಾಸಿಗೆಗಳ ಸುತ್ತ ನಿಲ್ಲುವ ವೈದ್ಯರು, ದಾದಿಯರು, ವಾರ್ಡ್‌ಬಾಯ್‌ಗಳು ಪರಸ್ಪರ ಹೇಗೆ ಮಾತನಾಡಬೇಕೆಂಬುದನ್ನು ಕಲಿಸುವ ವಿಚಾರಕ್ಕೆ ತಕ್ಕ ಪ್ರಾಶಸ್ತ್ಯ ದೊರೆತಂತೆ ನಮಗೆ ಕಾಣದು.

ಇದೇನು ದೊಡ್ಡ ವಿದ್ಯೆಯೆಂದು ಕೇಳುವವರುಂಟು. ಹೋಟೆಲಿನಲ್ಲಿ ದುಡಿಯುವ ನಮ್ಮ ಓದುಗರು ಹಾಗೆ ಕೇಳಲಾರರು. ಸಪ್ಲೈಯರ್ ಕೂಗಿದ ಆರ್ಡರನ್ನು ಒಳಗಿನ ಭಟ್ಟರು ತಿರುಗಿ ಕೂಗಿ ಹೇಳದಿದ್ದರೆ, ಮಸಾಲೆದೋಸೆ ಕೇಳಿದವನ ಮುಂದೆ ಉಪ್ಪಿಟ್ಟು ಬಂದು ಕೂರುತ್ತದೆ. ಗುಮಾಸ್ತರೂ ಚಾರ್ಜು ವಹಿಸಿಕೊಡುವಾಗ ಪಟ್ಟಿ ಮಾಡಿ ರುಜು ಹಾಕಿಸಿಕೊಳ್ಳುತ್ತಾರೆ. ರಾತ್ರಿಯ ದಾದಿ ಬೆಳಗಿನ ಪಾಳಿಯವರಿಗೆ ವಾರ್ಡನ್ನು ವಹಿಸುವಾಗ ಒಂದು ಮಾತು ಬಿಟ್ಟುಹೋದರೆ, ಕೊಟ್ಟ ಔಷಧವನ್ನೇ ಮತ್ತೆ ಕೊಡುವ ಸಂಭವವುಂಟು. ಉಪ್ಪಿಟ್ಟನ್ನಾದರೆ ಹಿಂದಕ್ಕೆ ಕಳುಹಿಸಬಹುದು.

1977ರಲ್ಲಿ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಮಂದಿ ಮಡಿದರು. ಓಟದ ಹಾದಿ ತೆರವಾಗಿದೆಯೇ ಎಂದು ಕೈಕೆಳಗಿನ ಇಂಜಿನಿಯರ್ ಎತ್ತಿದ ಸಂಶಯವನ್ನು ಕಪ್ತಾನರು ತಳ್ಳಿಹಾಕಿದ್ದರು. ಆಮೇಲೆ ವಿಮಾನ ಸಿಬ್ಬಂದಿಗೆ ಕೂಡಿ ಕೆಲಸ ಮಾಡುವ ಶಿಕ್ಷಣ ಮೊದಲಾಯಿತು. ವೈದ್ಯಲೋಕ ಈ ಪಾಠವನ್ನು ತಡವಾಗಿ ಕಲಿಯಿತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಕ್ರಿಯೆಗೊಂದು ತಪಾಸಣಾ ಪಟ್ಟಿ ಹೊರಡಿಸಿತು. ಅರಿವಳಿಕೆಗೆ ಮುನ್ನ, ಚಾಕು ಇಡುವ ಮುನ್ನ, ರೋಗಿ ಕೋಣೆ ಬಿಡುವ ಮುನ್ನ ಎಲ್ಲರೂ ನಿಂತು ಮಾತನಾಡಬೇಕು. ತಂತಮ್ಮ ಹೆಸರನ್ನೂ ಕೆಲಸವನ್ನೂ ಹೇಳಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ನಡೆದ ಪರೀಕ್ಷೆಯ ಫಲ 2009ರಲ್ಲಿ ಪ್ರಕಟವಾಯಿತು: ಮರಣ ಶೇಕಡಾ 1.5ರಿಂದ 0.8ಕ್ಕೂ, ತೊಡಕುಗಳು 11ರಿಂದ 7ಕ್ಕೂ ಇಳಿದಿದ್ದವು. ಹೆಸರು ಹೇಳಿಕೊಂಡ ಕಿರಿಯ ದಾದಿಗೆ ಮುಂದೆ "ತಾಳಿ" ಎನ್ನುವ ಧೈರ್ಯವೂ ಬರುತ್ತದೆಂಬುದೇ ಇದರ ಗುಟ್ಟೆಂದು ನಮ್ಮ ಎಣಿಕೆ.

ಹಾಗೆಂದು ತರಬೇತನ್ನು ಮಂತ್ರವೆಂದು ಭಾವಿಸಲಾಗದು. ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ವರದಿಯಾದ ಪ್ರಯೋಗದಲ್ಲಿ, ಪಟ್ಟಿ ಹಿಡಿದು ಹೆರಿಗೆ ಮಾಡಿಸುವ ಕ್ರಮ ಸುಧಾರಿಸಿತಾದರೂ ತಾಯಿ-ಮಕ್ಕಳ ಸಾವು ತಗ್ಗಲಿಲ್ಲ. ಕಲಿಸುವವರು ಹೊರಟುಹೋದ ಮೇಲೆ ಕ್ರಮವೂ ಸಡಿಲಿತು.

ಹೈದರಾಬಾದಿನಲ್ಲಿ ಇನ್ನೊಂದು ತೊಡಕುಂಟು. ವೈದ್ಯರು ಬರೆಯುವುದು ಇಂಗ್ಲಿಷಿನಲ್ಲಿ. ದಾದಿಯರಲ್ಲಿ ಹಲವರ ಮನೆಮಾತು ಮಲಯಾಳ. ವಾರ್ಡಿನ ಮಾತು ತೆಲುಗು ಮತ್ತು ದಖನಿ. 1956ರವರೆಗೆ ಇದೇ ಸಂಸ್ಥಾನಕ್ಕೆ ಸೇರಿದ್ದ ಬೀದರ, ಕಲಬುರಗಿ, ರಾಯಚೂರುಗಳಿಂದ ಇಂದಿಗೂ ಇಲ್ಲಿಗೆ ಬರುವ ರೋಗಿಯದು ಕನ್ನಡ. ನಾಲ್ಕು ಭಾಷೆ ದಾಟುವಷ್ಟರಲ್ಲಿ "ಊಟಕ್ಕೆ ಮೊದಲು" ಎಂಬುದು "ಊಟದ ನಂತರ" ಆಗದೆಂದು ಯಾರು ಹೇಳಬಲ್ಲರು?

2019ರಿಂದ ವೈದ್ಯ ವಿದ್ಯಾರ್ಥಿಗಳ ಪಠ್ಯದಲ್ಲಿ ನಡತೆ, ನೀತಿ, ಸಂವಹನಗಳ ಪಾಠ ಸೇರಿರುವುದು ಸ್ವಾಗತಾರ್ಹ. ಆದರೆ ವೈದ್ಯರು ಒಂದು ಕೋಣೆಯಲ್ಲಿ, ದಾದಿಯರು ಇನ್ನೊಂದರಲ್ಲಿ ಕಲಿತು, ಗುತ್ತಿಗೆಯ ಮೇಲಿರುವ ಆಯಾಗಳೂ ವಾರ್ಡ್‌ಬಾಯ್‌ಗಳೂ ಹೊರಗೇ ಉಳಿದರೆ ಕೂಡಿ ದುಡಿಯುವುದು ಎಲ್ಲಿಂದ ಬಂದೀತು? ರೋಗಿಯನ್ನು ಗಾಲಿಮಂಚದ ಮೇಲೆ ತಳ್ಳುವವನಿಗೆ ಅವನ ಹೆಸರು ತಿಳಿದಿರಬೇಕಾದುದು ಶಸ್ತ್ರವೈದ್ಯರಿಗಿಂತ ಕಡಿಮೆ ಅಗತ್ಯವೇನಲ್ಲ. ಗೋಶಾಮಹಲಿನ ಕಟ್ಟಡದ ಬಾಗಿಲು ತೆರೆಯುವ ಮುನ್ನ ಇವರೆಲ್ಲರನ್ನೂ ಒಟ್ಟಿಗೆ ಕೂರಿಸಿ ಕಲಿಸುವ, ವರ್ಷವರ್ಷವೂ ಅದನ್ನು ಮುಂದುವರಿಸುವ ಏರ್ಪಾಡನ್ನು ಸರಕಾರ ಮಾಡಬೇಕು. ಗಡಿಯ ಜಿಲ್ಲೆಗಳ ರೋಗಿಗಳಿಗಾಗಿ ಕನ್ನಡ ಬಲ್ಲ ಒಬ್ಬರನ್ನಾದರೂ ಹೊರರೋಗಿ ವಿಭಾಗದಲ್ಲಿ ನೇಮಿಸಬೇಕೆಂದೂ ನಾವು ಕೇಳುತ್ತೇವೆ.