ಡಬ್ಬಿಗೂ ಕಲಾಯಿ ಬೇಕು

ಹಿತ್ತಾಳೆಯ ಪಾತ್ರೆ ಹೊರಗೆ ಎಷ್ಟೇ ಹೊಳೆಯಲಿ, ಒಳಗಿನ ಕಲಾಯಿ ಹೋಗಿದ್ದರೆ ಅದರಲ್ಲಿ ಹುಳಿ ಕಾಸುವ ಗೃಹಿಣಿಯಿಲ್ಲ. ಅದೇ ವಿವೇಕವನ್ನು, ಗೋಡೆಯ ಮೇಲೆ ದೀಪ ಮಿಣುಕಿಸುತ್ತ ಕೂತಿರುವ ವೈಫೈ ಡಬ್ಬಿಯ ವಿಷಯದಲ್ಲಿ ನಾವು ತೋರಿಸುವುದುಂಟೆ? ಊರಿನಲ್ಲಿರುವ ತಾಯಿತಂದೆಗಳ ಮುಖವನ್ನು ನಾವು ಭಾನುವಾರ ಫೋನಿನಲ್ಲಿ ನೋಡುವುದು ಈ ಡಬ್ಬಿಯ ದಯೆಯಿಂದಲೇ. ಆದ್ದರಿಂದ ವಾಚಕ ಬಂಧುಗಳೊಡನೆ ಅದರ ಒಳಗಿನ ನಾಲ್ಕು ಮಾತು ಆಡಿದರೆ ಅಪ್ರಸ್ತುತವಾಗಲಾರದು.

ಡಬ್ಬಿಯೆಂದೆವು, ವಾಸ್ತವವಾಗಿ ಅದೊಂದು ಪುಟ್ಟ ಕಂಪ್ಯೂಟರು. ಅನೇಕ ಡಬ್ಬಿಗಳೊಳಗೆ ನಡೆಯುವುದು ಲಿನಕ್ಸ್. 2004ರಲ್ಲಿ ಆರಂಭವಾದ ಓಪನ್‌ಡಬ್ಲ್ಯೂಆರ್‌ಟಿ ಎಂಬುದು ಇಂಥ ಡಬ್ಬಿಗಳಿಗೆಂದೇ ಕಟ್ಟಿದ ಲಿನಕ್ಸ್. ಅದರಲ್ಲಿ ಗೂಢಲಿಪಿಯ ಲೆಕ್ಕವನ್ನು ಪ್ರತಿಯೊಂದು ಪ್ರೋಗ್ರಾಮೂ ತಾನೇ ಮಾಡುವುದಿಲ್ಲ. ಕಚೇರಿಯ ಗುಮಾಸ್ತರೆಲ್ಲ ಮೊಹರಿಗಾಗಿ ಒಬ್ಬನ ಮೇಜಿಗೇ ಹೋಗುವಂತೆ, ಅವೆಲ್ಲ ಒಂದೇ ಲೈಬ್ರರಿಯ ಮೊರೆಹೋಗುತ್ತವೆ. ಇಂಥ ಲೈಬ್ರರಿಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಹೆಸರಾದುದು.

ಮೊಹರಿನವನೇ ಎಡವಿದರೆ ಏನಾದೀತೆಂಬುದು 2014ರ ಏಪ್ರಿಲ್‌ನಲ್ಲಿ ಲೋಕಕ್ಕೆ ತಿಳಿಯಿತು. ಹಾರ್ಟ್‌ಬ್ಲೀಡ್ ಎಂಬ ದೋಷವದು. ‘ಇದ್ದೀಯಾ?’ ಎಂದು ವಿಚಾರಿಸುವವನು ತನ್ನ ಮಾತಿನ ಉದ್ದವನ್ನು ಸುಳ್ಳಾಗಿ ಹೆಚ್ಚು ಹೇಳಿದರೆ, ಓಪನ್‌ಎಸ್‌ಎಸ್‌ಎಲ್ ಅದನ್ನು ಪರಿಶೀಲಿಸದೆ ತನ್ನ ನೆನಪಿನಲ್ಲಿದ್ದುದನ್ನು ಒಂದು ಸಲಕ್ಕೆ 64 ಕಿಲೋಬೈಟ್ ತನಕ ಒಪ್ಪಿಸಿಬಿಡುತ್ತಿತ್ತು. ಅದರಲ್ಲಿ ಪಾಸ್‌ವರ್ಡುಗಳೂ ಇರಬಹುದಿತ್ತು. ತಿದ್ದಿದ ಆವೃತ್ತಿ ಏಪ್ರಿಲ್ 7ರಂದೇ ಬಂತು. ಆದರೆ ತಿದ್ದುಪಡಿ ಬಂದರೆ ಸಾಲದು, ಅದು ಡಬ್ಬಿಯೊಳಗೆ ಸೇರಬೇಕು.

ಸೇರಿಸುವುದೇನು ಸುಲಭವೆ? 1.1.1 ಆವೃತ್ತಿಯ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿಯಿತು. ಅದಕ್ಕೂ ಮೊದಲೇ, 2021ರಲ್ಲಿ, 3.0 ಬಂದಿತ್ತು. ಆದರೆ ಹೊಸ ಲೈಬ್ರರಿಯ ಕಡತಕ್ಕೆ ಹೊಸ ಹೆಸರು. ಹಳೆಯ ಪ್ರೋಗ್ರಾಮು ಹಳೆಯ ಹೆಸರನ್ನೇ ಹುಡುಕಿ, ಕಾಣದೆ ನಿಂತುಬಿಡುತ್ತದೆ. ಹೀಗಾಗಿ ಲೈಬ್ರರಿಯನ್ನು ನೆಚ್ಚಿದ ಪ್ರೋಗ್ರಾಮುಗಳನ್ನೆಲ್ಲ ಹೊಸದಾಗಿ ಕಟ್ಟಬೇಕು. ಮೇಜಿನ ಕಂಪ್ಯೂಟರಿನಲ್ಲಾದರೆ ಹಳೆಯದನ್ನೂ ಹೊಸದನ್ನೂ ಜೊತೆಗಿಡಬಹುದು. ಡಬ್ಬಿಯೋ, ಚಾಳಿನ ಒಂದೇ ಖೋಲಿಯ ಸಂಸಾರ: ಎಷ್ಟೋ ಡಬ್ಬಿಗಳ ಉಗ್ರಾಣ 8 ಅಥವಾ 16 ಮೆಗಾಬೈಟ್ ಮಾತ್ರ. ಹೊಸ ಮಂಚ ಬರಬೇಕಾದರೆ ಹಳೆಯದು ಹೊರಗೆ ಹೋಗಲೇಬೇಕು.

ಈ ಇಕ್ಕಟ್ಟಿನಿಂದಲೇ ಓಪನ್‌ಡಬ್ಲ್ಯೂಆರ್‌ಟಿಯವರು 2023ರ ಅಕ್ಟೋಬರ್‌ನಲ್ಲಿ ಬಂದ 23.05 ಆವೃತ್ತಿಯಲ್ಲಿ, ತಾವು ಅದುವರೆಗೆ ಇಟ್ಟುಕೊಡುತ್ತಿದ್ದ ವುಲ್ಫ್‌ಎಸ್‌ಎಸ್‌ಎಲ್ ಬದಲು ಎಂಬೆಡ್‌ಟಿಎಲ್‌ಎಸ್ ಎಂಬುದನ್ನು ಆರಿಸಿದರು. ಅದು ಚಿಕ್ಕದು, ದೀರ್ಘಕಾಲ ದುರಸ್ತಿ ದೊರೆಯುವಂಥದು, ಮೇಲಿಂದ ಮೇಲೆ ನಡೆನುಡಿ ಬದಲಿಸದು. ಆದರೆ ಅದರ ಅಂದಿನ ಆವೃತ್ತಿಗೆ ಹೊಸ ಟಿಎಲ್‌ಎಸ್ 1.3 ವಿಧಾನ ಬರುತ್ತಿರಲಿಲ್ಲ. 2025ರ ಫೆಬ್ರವರಿಯ 24.10ರಲ್ಲಿ ಆ ಕೊರತೆ ನೀಗಿತು. ಒಂದನ್ನು ಪಡೆಯಲು ಇನ್ನೊಂದಕ್ಕಾಗಿ ಕಾಯುವುದು ಸಂಸಾರಸ್ಥರಿಗೆ ಹೊಸತಲ್ಲ.

ನಮಗೇಕೆ ಈ ಉಸಾಬರಿ ಎನ್ನಬೇಡಿ. ಬ್ಯಾಂಕಿನ ವ್ಯವಹಾರಕ್ಕೆ ಫೋನಿನದೇ ಬೇರೆ ಬೀಗವಿದೆ, ನಿಜ. ಆದರೆ ಡಬ್ಬಿಯೇ ಕಳ್ಳನ ಕೈವಶವಾದರೆ, ನಿಮ್ಮನ್ನು ಬ್ಯಾಂಕಿನಂತೆಯೇ ಕಾಣುವ ಸುಳ್ಳು ಬಾಗಿಲಿಗೆ ಅವನು ಕರೆದೊಯ್ಯಲು ಯತ್ನಿಸಬಹುದು. ಆದ್ದರಿಂದ ಡಬ್ಬಿ ಕೊಳ್ಳುವಾಗ ಬೆಲೆಯ ಜೊತೆಗೆ, ಎಷ್ಟು ವರ್ಷ ತಿದ್ದುಪಡಿ ಕೊಡುತ್ತೀರೆಂದೂ ಕೇಳಿರಿ. ತಿದ್ದುಪಡಿ ಬಂದಾಗ ಸೆಟ್ಟಿಂಗುಗಳ ಪ್ರತಿ ತೆಗೆದಿಟ್ಟು ಹಾಕಿರಿ. ಹಾಕುವಾಗ ಮಾತ್ರ ಪ್ಲಗ್ ಕೀಳಬೇಡಿ. ತಯಾರಕರು ಕೈಬಿಟ್ಟ ಡಬ್ಬಿಯಾದರೆ ಅದಕ್ಕೆ ಓಪನ್‌ಡಬ್ಲ್ಯೂಆರ್‌ಟಿ ಹೊಂದೀತೇ ನೋಡಿ. ಹೊಂದದಿದ್ದರೆ ನಿವೃತ್ತಿ ಕೊಡಿ.

‘ಮುಂದೆ ನೋಡೋಣ’ ಎಂದು ಬರೆದು ಬದಿಗಿಡುವ ಪದ್ಧತಿ ನಮ್ಮ ಕಡತಗಳ ಮಟ್ಟಿಗಿರಲಿ. ಮನೆಯ ಡಬ್ಬಿಗೆ ಬೇಡ.