ಕಲಾಶಾಲೆಗೆ ಗುರು ಯಾರಾಗಬೇಕು?

ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದಲ್ಲಿ ತಲೆಯೆತ್ತಿ ಒಳಛಾವಣಿಯನ್ನು ನೋಡಿದವರು ಅದನ್ನು ಬೇಗ ಮರೆಯಲಾರರು. ಅಷ್ಟದಿಕ್ಪಾಲಕರ ನಡುವೆ ಶಿವನು ಕುಣಿಯುತ್ತಿದ್ದಾನೆ. ಒಂಬತ್ತನೆಯ ಶತಮಾನದ ಕೆಲಸ. ಅದೇ ಊರಿನ ಹೊಯ್ಸಳರ ಚೆನ್ನಕೇಶವ ದೇವಾಲಯದಲ್ಲಿ ಹೊನೋಜನೆಂಬ ಶಿಲ್ಪಿಯ ಕೈಚಳಕವಿದೆ. ನಮ್ಮ ಸಂಪಿಗೆಗೆ ಇದು ಬಹು ದೂರದ ಊರಲ್ಲ. ಕಳೆದ ಬೇಸಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಜೊತೆಗಿದ್ದ ಗೆಳೆಯನು, “ಈ ಹೊನೋಜ ಈಗ ಇದ್ದಿದ್ದರೆ ಯಾವುದಾದರೂ ಕಲಾಕಾಲೇಜಿನಲ್ಲಿ ಇವನಿಗೆ ಕೆಲಸ ಕೊಡುತ್ತಿದ್ದರೇನೋ?” ಎಂದು ಕೇಳಿದನು. ಎಲ್ಲರೂ ನಕ್ಕೆವು. ನಗು ಮುಗಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ವಿಶ್ವವಿದ್ಯಾನಿಲಯದ ಕಲಾಶಾಲೆಯಲ್ಲಿ ಅಧ್ಯಾಪಕನಾಗಬೇಕಾದರೆ ದೃಶ್ಯಕಲೆಯಲ್ಲಿ ಸ್ನಾತಕೋತ್ತರ ಪದವಿ ಬೇಕು, ಅದರ ಮೇಲೆ ನೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇದು ಹೆದ್ದಾರಿ. ನೆಟ್ ಎಂದರೆ ಮೂರು ಗಂಟೆಯ ಕಾಲ, 150 ಪ್ರಶ್ನೆ; ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವುದು. ಚಿತ್ರಕಲೆಯ ಗುರುವನ್ನು ಆಯುವ ಈ ಪರೀಕ್ಷೆಯಲ್ಲಿ ಅಭ್ಯರ್ಥಿಯು ಒಂದು ಗೆರೆಯನ್ನೂ ಎಳೆಯಬೇಕಾಗಿಲ್ಲ! ಕೈಯಲ್ಲಿ ಕುಂಚ ನಿಲ್ಲದವನೂ ಇಸವಿಗಳನ್ನು ಬಾಯಿಪಾಠ ಮಾಡಿ ಗೆಲ್ಲಬಹುದು.

ನಮ್ಮ ಊರ ಕಡೆಯವರೇ ಒಬ್ಬರು, ನಾನು ಅಣ್ಣ ಎಂದೇ ಕರೆಯುವವರು, ಈ ಪರೀಕ್ಷೆಗೆ ಮೂರು ಸಲ ಕುಳಿತರು. ಅವರು ಜಲವರ್ಣದಲ್ಲಿ ಬರೆದ ತೆಂಗಿನ ತೋಟವನ್ನು ನೋಡಿದರೆ ಮಣ್ಣಿನ ತೇವ ಅಂಗಾಲಿಗೆ ತಾಗಿದಂತಾಗುತ್ತದೆ. ಎರಡು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿದ್ದರು. ಅತಿಥಿ ಎಂಬ ಮಾತು ಕೇಳುವುದಕ್ಕೆ ಚೆನ್ನ. ರಜೆ ಬಂದ ಕೂಡಲೇ ಸಂಬಳ ನಿಲ್ಲುವ ಆತಿಥ್ಯ ಎಂಥದೋ ತಿಳಿಯದು. ಈಗ ಅವರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾರೆ.

ಹಾಗಾದರೆ ಪರೀಕ್ಷೆಯನ್ನೇ ಕಿತ್ತೊಗೆಯೋಣವೇ? ಇಲ್ಲಿ ನಾನು ಹಿಂಜರಿಯುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮಂಥವರಿಗೆ ಶಿಫಾರಸು ಮಾಡುವ ಮಾವನಿಲ್ಲ, ಹೆಸರು ಹೇಳಿಕೊಳ್ಳಲು ಗುರುಮನೆಯಿಲ್ಲ. ಅಚ್ಚಾದ ಪ್ರಶ್ನೆಪತ್ರಿಕೆಗೆ ಜಾತಿ ತಿಳಿಯದು, ಊರು ತಿಳಿಯದು. “ಪ್ರತಿಭೆಯನ್ನು ನೋಡಿ ಆರಿಸುತ್ತೇವೆ” ಎಂದು ನಾಲ್ಕು ಜನ ಬಾಗಿಲು ಹಾಕಿಕೊಂಡು ಕುಳಿತರೆ ಆ ಪ್ರತಿಭೆ ಯಾರ ಮನೆಯ ಹುಡುಗನಲ್ಲಿ ಕಾಣಿಸೀತು ಎಂಬುದನ್ನು ನಮ್ಮ ಹಿರಿಯರು ಬಹಳ ಕಂಡಿದ್ದಾರೆ. ಆದುದರಿಂದ ನನ್ನ ಜಗಳ ನಿಯಮದೊಡನೆ ಅಲ್ಲ. ನಿಯಮವು ಏನನ್ನು ಅಳೆಯುತ್ತದೆ ಎಂಬುದರೊಡನೆ.

ನಿಯಮ ಮಾಡಿದವರಿಗೂ ಇದು ಹೊಳೆಯದಿರಲಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ದೃಶ್ಯಕಲೆಗೆ ಇನ್ನೊಂದು ಬಾಗಿಲನ್ನೂ ಇಟ್ಟಿತು: ಮೆಚ್ಚತಕ್ಕ ಸಾಧನೆಯುಳ್ಳ ವೃತ್ತಿಕಲಾವಿದನು, ಪ್ರದರ್ಶನಗಳ ಅನುಭವವನ್ನು ಆಧಾರಸಮೇತ ತೋರಿಸಿ, ಸಹಾಯಕ ಪ್ರಾಧ್ಯಾಪಕನಾಗಬಹುದು. ಆದರೆ ಪ್ರಾಂಶುಪಾಲನ ಕುರ್ಚಿಗೆ ಅಂಥ ಬಾಗಿಲಿಲ್ಲ. ಅದಕ್ಕೆ ಡಾಕ್ಟರೇಟು, 15 ವರ್ಷದ ಸೇವೆ, ಕನಿಷ್ಠ 10 ಸಂಶೋಧನ ಲೇಖನ, 110 ಸಂಶೋಧನಾಂಕ. ರಸಾಯನಶಾಸ್ತ್ರದವರಿಗೂ ಇದೇ ಅಳತೆ, ಶಿಲ್ಪದವರಿಗೂ ಇದೇ ಅಳತೆ. ಹತ್ತು ವಿಗ್ರಹ ಕಡೆದವನಿಗಿಂತ ವಿಗ್ರಹದ ಮೇಲೆ ಹತ್ತು ಲೇಖನ ಬರೆದವನು ಕಲಾಶಾಲೆಯನ್ನು ನಡೆಸಲು ಹೆಚ್ಚು ಅರ್ಹನೆಂದಾಯಿತು.

ಹಿಂದೆ ಹೀಗಿರಲಿಲ್ಲ. 1896ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಮುಖ್ಯಸ್ಥರಾಗಿ ಬಂದ ಹ್ಯಾವೆಲರು ಯೂರೋಪಿನ ಮಾದರಿಗಳನ್ನು ತೆಗೆದು ಭಾರತೀಯ ಚಿತ್ರಗಳನ್ನು ತಂದಾಗ ವಿದ್ಯಾರ್ಥಿಗಳೇ ತಿರುಗಿಬಿದ್ದರು. ಅವರು ಜಗ್ಗಲಿಲ್ಲ. 1905ರಲ್ಲಿ ಅವನೀಂದ್ರನಾಥ ಠಾಕೂರರನ್ನು ಉಪಪ್ರಾಂಶುಪಾಲರನ್ನಾಗಿ ಕರೆತಂದರು. ಆ ಒಂದು ನೇಮಕದ ಫಲ ನೋಡಿ: ನಂದಲಾಲ ಬೋಸರು ಅವರ ಶಿಷ್ಯರು, ಮೈಸೂರಿನಿಂದ ಹೋದ ನಮ್ಮ ಕೆ. ವೆಂಕಟಪ್ಪನವರೂ ಅವರ ಶಿಷ್ಯರೇ. ಮುಂದೆ ನಂದಲಾಲರು 1951ರವರೆಗೆ ಶಾಂತಿನಿಕೇತನದ ಕಲಾಭವನವನ್ನು ಬೆಳೆಸಿದರು. ಮದರಾಸಿನ ಕಲಾಶಾಲೆಗೆ 1929ರಲ್ಲಿ ದೇವಿಪ್ರಸಾದ ರಾಯಚೌಧುರಿಯವರು ಮೊದಲ ಭಾರತೀಯ ಮುಖ್ಯಸ್ಥರಾದರು. ಮರೀನಾ ತೀರದ ಶ್ರಮಿಕರ ವಿಗ್ರಹ ಅವರದೇ. 1957ರಲ್ಲಿ ಅವರ ಸ್ಥಾನಕ್ಕೆ ಬಂದವರು ಅವರ ಶಿಷ್ಯರಾದ ಕೆ. ಸಿ. ಎಸ್. ಪಣಿಕ್ಕರ್. ಕಲಿತ ಹುಡುಗರು ಹೊಟ್ಟೆಪಾಡಿಗಾಗಿ ಕಲೆಯನ್ನು ಬಿಡುವುದನ್ನು ಕಂಡು, ಅವರನ್ನು ಕಟ್ಟಿಕೊಂಡು 1966ರಲ್ಲಿ ಚೋಳಮಂಡಲವೆಂಬ ಕಲಾವಿದರ ಹಳ್ಳಿಯನ್ನೇ ಮಾಡಿದರು. ಅಂಥದು ಕೆಲಸ ಮಾಡುವವನಿಗೆ ತಾನೇ ಹೊಳೆಯುವುದು?

ನಮ್ಮ ನಾಡಿನಲ್ಲಿಯೂ ಉದಾಹರಣೆಗೆ ಬರವಿಲ್ಲ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಅಡಿಗಲ್ಲು ಬಿತ್ತು. ಕಟ್ಟಿಂಗೇರಿಯ ಬಡ ಹುಡುಗ ಕೆ. ಕೆ. ಹೆಬ್ಬಾರರು ಅಲ್ಲಿ ಕಲಿತು, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ ಅಲ್ಲಿಯೇ ಅಧ್ಯಾಪಕರೂ ಆದರು. ಬೆಂಗಳೂರಿನಲ್ಲಿ ಆರ್. ಎಂ. ಹಡಪದರು ಕೆನ್ ಕಲಾಶಾಲೆಯನ್ನು ಕಟ್ಟಿದರು.

ಒಳ್ಳೆಯ ಚಿತ್ರಗಾರನು ಒಳ್ಳೆಯ ಮುಖ್ಯಸ್ಥನಾಗಿಯೇ ತೀರುವನೆಂದು ನಾನು ಹೇಳುವುದಿಲ್ಲ. ಕಡತ ನೋಡಬೇಕು, ಬಿಲ್ಲಿಗೆ ಸಹಿ ಹಾಕಬೇಕು, ಜೇಡಿಮಣ್ಣಿಗೂ ಬಣ್ಣಕ್ಕೂ ಹಣ ಬಿಡುಗಡೆಯಾಗದಿದ್ದರೆ ವಿಧಾನಸೌಧದ ಮೆಟ್ಟಿಲು ಸವೆಸಬೇಕು. ಕೆಲವರು ಈ ಓಡಾಟದಲ್ಲಿಯೇ ಕುಂಚ ಒಣಗಿಸಿಕೊಂಡಿದ್ದಾರೆ. ಆದರೆ 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಬೆಳೆಸಿದ ಎಂ. ಎಸ್. ನಂಜುಂಡರಾಯರು ತಾವೇ ಕಲಾವಿದರು. ಹಣ ಕೂಡಿಸುವ ಚಾತುರ್ಯವೂ ಅವರಿಗಿತ್ತು, ತೊಗಲುಗೊಂಬೆ ಮತ್ತು ಮೈಸೂರು ಸಂಪ್ರದಾಯದ ಚಿತ್ರಗಳನ್ನು ಹುಡುಕಿ ಉಳಿಸುವ ಕಣ್ಣೂ ಇತ್ತು. ಎರಡೂ ಒಬ್ಬರಲ್ಲಿ ಸೇರುವುದು ಅಪರೂಪ. ಸೇರದಿದ್ದಾಗ ಕಡತಕ್ಕೆ ಒಬ್ಬ ದಕ್ಷ ಆಡಳಿತಾಧಿಕಾರಿಯನ್ನು ಜೊತೆಗೆ ಕೊಡಬಹುದು. ಕಣ್ಣಿಗೆ ಬದಲಿ ಕೊಡುವುದೆಲ್ಲಿಂದ?

ನಮ್ಮ ಕಡೆ ಅಟ್ಟದ ಮೇಲೆ ಕಾಯಿ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, ಕೊಬ್ಬರಿಯಾಯಿತೆಂದು ತಿಳಿಯುತ್ತಾರೆ. ತಿಪಟೂರಿನ ಮಾರುಕಟ್ಟೆಯಲ್ಲಿ ಮಾಲನ್ನು ಕಣ್ಣಾರೆ ನೋಡಿಯೇ ಬೆಲೆ ಕಟ್ಟುವುದು. ಕಲಾಶಾಲೆಯ ನೇಮಕವೂ ಹೀಗೇಕಾಗಬಾರದು? ಲಿಖಿತ ಪರೀಕ್ಷೆ ಇರಲಿ, ಮೀಸಲಾತಿ ಒಂದಂಗುಲವೂ ಕದಲದಿರಲಿ. ಅದರ ಮೇಲೆ ಅಭ್ಯರ್ಥಿಗಳೆಲ್ಲರ ಕೃತಿಗಳನ್ನು ಹೆಸರು ಮರೆಮಾಡಿ ಒಂದು ವಾರ ಸಾರ್ವಜನಿಕವಾಗಿ ತೂಗುಹಾಕಲಿ. ಹೊರಪ್ರಾಂತದ ಕಲಾವಿದರೂ ಸೇರಿ ಅಂಕ ಹಾಕಲಿ. ಆ ಅಂಕಗಳು ಗೋಡೆಯ ಮೇಲೆ ಅಂಟಲಿ. ಪ್ರತಿಯೊಬ್ಬರೂ ನಿಜವಾದ ವಿದ್ಯಾರ್ಥಿಗಳೆದುರು ಒಂದು ಗಂಟೆ ಪಾಠ ಮಾಡಲಿ. ಪ್ರಾಂಶುಪಾಲ ಹುದ್ದೆಯ ಲೆಕ್ಕದಲ್ಲಿ ಒಂದು ಗಣ್ಯ ಪ್ರದರ್ಶನವನ್ನು ಒಂದು ಲೇಖನಕ್ಕೆ ಸಮವೆಂದಾದರೂ ಎಣಿಸಲಿ. ಆ ಹುದ್ದೆಗೆ ಈಗಾಗಲೇ ಐದು ವರ್ಷದ ಅವಧಿಯನ್ನು ಹಾಕಿದ್ದಾರೆ, ಮತ್ತೊಮ್ಮೆ ಐದು ವರ್ಷ ಮುಂದುವರಿಸಬಹುದು. ನನ್ನನ್ನು ಕೇಳಿದರೆ ಒಂದೇ ಅವಧಿ ಸಾಕು. ಆಮೇಲೆ ಅವರು ಕುಂಚ ಹಿಡಿದು ತರಗತಿಗೆ ಮರಳಲಿ.

ಇದೆಲ್ಲ ಖರ್ಚಿನ, ತೊಡಕಿನ ಕೆಲಸವೆಂದು ನಮ್ಮ ಅಧ್ಯಾಪಕರೊಬ್ಬರು ಹೇಳಿದರು. ಇರಬಹುದು. ಆದರೆ ತಪ್ಪಾಗಿ ನೇಮಕವಾದ ಒಬ್ಬ ಗುರು ಮೂವತ್ತು ವರ್ಷ ಕುರ್ಚಿಯಲ್ಲಿರುತ್ತಾರೆ. ಆ ಖರ್ಚನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಮೊನ್ನೆ ಭಾನುವಾರ ಅಣ್ಣನವರನ್ನು ನೋಡಲು ಮಂಡಿಗೆ ಹೋಗಿದ್ದೆ. ಲೆಕ್ಕದ ಪುಸ್ತಕದ ಅಂಚಿನಲ್ಲಿ ಚೀಲ ಹೊರುತ್ತಿದ್ದ ಹಮಾಲಿಯೊಬ್ಬರ ಬಾಗಿದ ಬೆನ್ನು ಪೆನ್ಸಿಲಿನಲ್ಲಿ ಮೂಡಿತ್ತು, ನಾಲ್ಕೇ ಗೆರೆ. ನೆಟ್ ಪರೀಕ್ಷೆಗೆ ಈ ಸಲವೂ ಅರ್ಜಿ ಹಾಕುವಿರಾ ಎಂದು ಕೇಳಿದೆ. “ಹಾಕ್ತೀನಪ್ಪ,” ಎಂದರು, “ಆದ್ರೆ ಈಗ ಸೀಸನ್ನು, ಓದೋಕೆ ಹೊತ್ತೆಲ್ಲಿ?”