ತೆರೆದ ಪುಸ್ತಕಕ್ಕೆ ಗೆದ್ದಲಿಲ್ಲ



ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಪದ್ಧತಿ ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಹಿರಿಯರು ಓದಿದ ಗ್ರಂಥಗಳನ್ನು ವಸ್ತ್ರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿರಿಸಿ ಪೂಜಿಸುವವರೂ ಉಂಟು. ಆದರೆ ಪುಸ್ತಕಕ್ಕೆ ಸಲ್ಲತಕ್ಕ ಮೊದಲ ಗೌರವವೆಂದರೆ ಅದನ್ನು ತೆರೆದು ಓದುವುದು. ಈ ಮಾತನ್ನು ನಾನು ಅರಿತದ್ದು ತಡವಾಗಿ, ಅದೂ ನಷ್ಟವನ್ನು ಅನುಭವಿಸಿದ ಮೇಲೆ.

ಮಠದ ವಿದ್ಯಾಭ್ಯಾಸವನ್ನು ಮುಗಿಸಿ ಹೊರಟ ದಿನ ಗುರುಗಳು ತಮ್ಮ ವ್ಯಾಕರಣಗ್ರಂಥವೊಂದನ್ನು ನನಗೆ ಕರುಣಿಸಿದ್ದರು. ಅದರ ಪುಟಗಳ ಅಂಚಿನಲ್ಲಿ ಅವರ ಹಸ್ತಾಕ್ಷರದ ಟಿಪ್ಪಣಿಗಳಿದ್ದವು. ಅದನ್ನು ಪ್ರಾಣಕ್ಕಿಂತ ಹೆಚ್ಚೆಂದು ಭಾವಿಸಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಒಮ್ಮೆ ಬಡ ವಿದ್ಯಾರ್ಥಿಯೊಬ್ಬನು ಎಂಟು ದಿನಗಳ ಮಟ್ಟಿಗೆ ಅದನ್ನು ಬೇಡಿದನು. ಹರಿದೀತೆಂಬ ಭಯದಿಂದ "ಮುಂದೆ ನೋಡೋಣ" ಎಂದು ಸಾಗಹಾಕಿದೆ. ಅವನು ಮತ್ತೆ ಬರಲಿಲ್ಲ. ಕೆಲವು ವರ್ಷಗಳ ತರುವಾಯ ಪೆಟ್ಟಿಗೆಯನ್ನು ತೆರೆದಾಗ ಕೈಗೆ ಬಂದದ್ದು ಮಣ್ಣು ಮತ್ತು ರಟ್ಟು ಮಾತ್ರ. ಉಳಿದುದನ್ನು ಗೆದ್ದಲು ತಿಂದಿತ್ತು.

ಈ ದುಃಖವನ್ನು ನಮ್ಮ ತಾಲ್ಲೂಕಿನ ಗ್ರಂಥಪಾಲಕರೊಬ್ಬರಲ್ಲಿ ತೋಡಿಕೊಂಡೆ. ಅವರು ಶಾಂತವಾಗಿ ನುಡಿದರು: "ಶಾಸ್ತ್ರಿಗಳೇ, ಗೆದ್ದಲಿಗೆ ಬೇಕಾದದ್ದು ಕತ್ತಲೆ, ತೇವ, ಯಾರೂ ಮುಟ್ಟದ ಜಾಗ. ಮೂರನ್ನೂ ತಾವೇ ಒದಗಿಸಿದಿರಿ. ಆ ಹುಡುಗನಿಗೆ ಕೊಟ್ಟಿದ್ದರೆ ಪುಸ್ತಕ ಸವೆಯುತ್ತಿತ್ತು, ಸಾಯುತ್ತಿರಲಿಲ್ಲ."

ಅಂದಿನಿಂದ ಅವರ ದಿನಚರಿಯನ್ನು ಗಮನಿಸತೊಡಗಿದೆ. ಬಾಗಿಲು ತೆರೆಯುವ ಮುನ್ನವೇ ಬಂದು ಕಟ್ಟಡದ ಹಿಂದಿನ ತೋಟಕ್ಕೆ ನೀರೆರೆಯುತ್ತಾರೆ. ಅಲ್ಲೊಂದು ಬೇವಿನ ಮರ, ನಾಲ್ಕು ದಾಸವಾಳದ ಗಿಡಗಳು, ಒಂದು ಪಾತಿ ನಿಂಬೆಹುಲ್ಲು. ಉದುರಿದ ಎಲೆಗಳನ್ನು ಸುಡುವುದಿಲ್ಲ. ಗುಂಡಿಗೆ ಹಾಕಿ ಗೊಬ್ಬರ ಮಾಡುತ್ತಾರೆ. ಬೇವಿನ ಎಲೆಗಳನ್ನು ನೆರಳಿನಲ್ಲಿ ಒಣಗಿಸಿ ಕಪಾಟುಗಳಲ್ಲಿ ಇರಿಸುತ್ತಾರೆ. ತಾಳೆಗರಿಯ ಗ್ರಂಥಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರಿದರೆ ಗರಿ ಮೃದುವಾಗಿ ಉಳಿಯುತ್ತದೆ, ಹುಳುವೂ ದೂರವಿರುತ್ತದೆ. ಗ್ರಂಥವನ್ನು ಕಾಯುವ ಮದ್ದು ತೋಟದಲ್ಲಿಯೇ ಬೆಳೆಯುತ್ತದೆಂದು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು.

ಗ್ರಂಥಾಲಯಕ್ಕೂ ಸಸ್ಯಕ್ಕೂ ಸಾಮ್ಯವಿರುವುದು ಇಷ್ಟರಲ್ಲಿಯೇ ಅಲ್ಲ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವು ಬಳಕೆಗಾಗಿಯೇ ಹೊರತು ಬಚ್ಚಿಡುವುದಕ್ಕಲ್ಲ ಎಂಬುದು ಮೊದಲನೆಯದರ ತಾತ್ಪರ್ಯ. ಗ್ರಂಥಾಲಯವು ಜೀವವಿರುವ ವಸ್ತುವಿನಂತೆ ಬೆಳೆಯುತ್ತಿರುತ್ತದೆ ಎಂಬುದು ಕೊನೆಯದರ ತಾತ್ಪರ್ಯ. ಈ ಮಹನೀಯರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಹಾಗೂ ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ದೇಹವನ್ನಿಳಿಸಿದರು. ಅವರ ಜನ್ಮದಿನವಾದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ದೇಶದಲ್ಲಿ ಆಚರಿಸುತ್ತಾರೆ.

"ಈಗ ಎಲ್ಲವೂ ಅಂತರಜಾಲದಲ್ಲಿದೆ, ಗ್ರಂಥಾಲಯವೇಕೆ?" ಎಂದು ಕೇಳುವವರುಂಟು. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ 'ಸ್ವಯಂ' ವ್ಯವಸ್ಥೆಯಲ್ಲಿ ಪ್ರೌಢಶಾಲೆಯಿಂದ ಸ್ನಾತಕೋತ್ತರ ತರಗತಿಯವರೆಗಿನ ಪಾಠಗಳನ್ನು ಯಾರಾದರೂ ಮನೆಯಲ್ಲಿ ಕುಳಿತು ಉಚಿತವಾಗಿ ಕೇಳಬಹುದು. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವುಂಟು. ನಮ್ಮ ಗ್ರಂಥಪಾಲಕರು ಇದರ ವಿರೋಧಿಗಳಲ್ಲ. ಐವತ್ತು ದಾಟಿದ ಮೇಲೆ ಅವರೇ ಸಂಜೆಯ ವೇಳೆ ಇಂತಹ ಪಾಠಗಳನ್ನು ಕೇಳಿ ಕಂಪ್ಯೂಟರಿನ ಕೆಲಸವನ್ನು ಕಲಿತರು. "ವಿದ್ಯಾರ್ಥಿಯಾಗಲು ನಾಚಿಕೊಳ್ಳುವವನು ಓದುಗರಿಗೆ ಏನು ಹೇಳಿಯಾನು?" ಎಂಬುದು ಅವರ ಮಾತು.

ಒಂದು ದಿನ ಕಾಲೇಜಿನ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡು ಕುಳಿತಿದ್ದಳು. ಮಣ್ಣಿನ ಸತ್ವದ ವಿಷಯವಾಗಿ ಆನ್‌ಲೈನ್ ಪಾಠ ಕೇಳಿದ್ದಳು. ಪಾಠ ಮುಂದೆ ಓಡಿತ್ತು, ಅರ್ಥ ಹಿಂದೆ ಉಳಿದಿತ್ತು. ಗ್ರಂಥಪಾಲಕರು ಆಕೆಯನ್ನು ಗೊಬ್ಬರದ ಗುಂಡಿಯ ಬಳಿಗೆ ಕರೆದೊಯ್ದರು. ಮೇಲಿನ ಒಣ ಎಲೆ, ನಡುವಿನ ಕೊಳೆತ ಪದರ, ಅಡಿಯ ಕಪ್ಪು ಮಣ್ಣು, ಅದರಲ್ಲಿ ಹೊರಳುವ ಎರೆಹುಳು, ಎಲ್ಲವನ್ನೂ ಕಡ್ಡಿಯಿಂದ ಬಿಡಿಸಿ ತೋರಿಸಿದರು. "ತಾಯಿ, ಇದನ್ನು ನೋಡಿದೆಯಲ್ಲ, ಈಗ ಇದನ್ನು ಓದು, ಅನಂತರ ಆ ಪಾಠವನ್ನು ಇನ್ನೊಮ್ಮೆ ಕೇಳು" ಎಂದು ತೆಳುವಾದ ಕನ್ನಡ ಪುಸ್ತಕವೊಂದನ್ನು ಕೈಗಿತ್ತರು. ಹುಡುಗಿಯ ಮುಖ ಅರಳಿತು. ಅಂತರಜಾಲವು ಪಾಠವನ್ನು ಕೊಟ್ಟಿತು, ತೋಟವು ಪ್ರತ್ಯಕ್ಷವನ್ನು ಕೊಟ್ಟಿತು, ಪುಸ್ತಕವು ನಿಧಾನವಾಗಿ ಆಲೋಚಿಸುವ ಅವಕಾಶವನ್ನು ಕೊಟ್ಟಿತು. ಮೂರನ್ನೂ ಕೂಡಿಸಿದವರು ಒಬ್ಬ ಮನುಷ್ಯರು. ಇದನ್ನು ಕಾಯಕವೆನ್ನದೆ ಮತ್ತೇನೆನ್ನೋಣ?

ತಾಯಂದಿರೇ, ಹಿರಿಯರೇ, ತಮ್ಮ ಮನೆಯ ಪೆಟ್ಟಿಗೆಯನ್ನು ಈ ವಾರವೇ ತೆರೆಯಿರಿ. ಪುಸ್ತಕಗಳನ್ನು ಗಾಳಿಗೆ ಹರವಿ, ಮಕ್ಕಳ ಕೈಗೆ ಕೊಡಿ. ಓದುವವರು ಮನೆಯಲ್ಲಿಲ್ಲದಿದ್ದರೆ ಊರಿನ ಗ್ರಂಥಾಲಯಕ್ಕೆ ಒಪ್ಪಿಸಿ. ಗಿಡವನ್ನು ತಂದು ನೆಡದೆ ಮೂಲೆಯಲ್ಲಿರಿಸುವವರು ಯಾರೂ ಇಲ್ಲ. ಪುಸ್ತಕಕ್ಕೆ ಮಾತ್ರ ಆ ಶಿಕ್ಷೆಯೇಕೆ?

ನನ್ನ ಬಳಿ ಉಳಿದಿದ್ದ ಗ್ರಂಥಗಳು ಈಗ ಆ ಗ್ರಂಥಾಲಯದ ಕಪಾಟಿನಲ್ಲಿವೆ. ಕೆಲವುಗಳ ರಟ್ಟು ಆಗಲೇ ಸಡಿಲವಾಗಿದೆ. ಅದನ್ನು ಕಂಡಾಗ ನನಗೆ ಸಂತೋಷವೇ ಆಗುತ್ತದೆ. ಅಂದು ಬರಿಗೈಯಲ್ಲಿ ಹೋದ ಆ ವಿದ್ಯಾರ್ಥಿ ಎಲ್ಲಿದ್ದಾನೋ ತಿಳಿಯದು. ಅವನಿಗೆ ಸಲ್ಲಬೇಕಾಗಿದ್ದ ಸಾಲವನ್ನು ಬೇರೆಯವರ ಮೂಲಕ ತೀರಿಸುತ್ತಿದ್ದೇನೆ.